ಏಳನೇ ಫಾರಂನ ಕಪ್ಪು

ಹೊಸದಾಗಿ ಬಂದ ಮಷೀನಿನವನು ತನಗೆ ಕಣ್ಣು ಹೊಡೆದ ಅಂತ ಜಸ್ಟೀನಾ ತೀಸನ್‌ಗೆ ಖಾತ್ರಿಯಾದದ್ದು ಏಪ್ರಿಲ್ ಮೊದಲ ವಾರ. ಹಿಮ ಕರಗಿ ನಾಯ್‌ಹೈಮ್ ಊರಿನ ಬೀದಿಯೆಲ್ಲ ಕೆಸರಾಗಿದ್ದ ದಿನಗಳವು.

ಅವಳು ಪ್ರೂಫ್ ಹಾಳೆ ಹಿಡಿದು ಮಹಡಿಯಿಂದಿಳಿದು ಮುದ್ರಣಾಲಯದ ದೊಡ್ಡ ಮಷೀನಿನ ಹತ್ತಿರ ಬಂದಿದ್ದಳು. ಅವನು ಹಾಳೆಯನ್ನು ಬೆಳಕಿನ ಮೇಜಿನ ಮೇಲೆ ಹರಡಿದ. ಒಮ್ಮೆ ಹಾಳೆ ನೋಡಿದ, ಒಮ್ಮೆ ಅವಳ ಮುಖ ನೋಡಿದ. ಆಮೇಲೆ ಬಲಗಣ್ಣನ್ನು ಮೆಲ್ಲಗೆ ಮುಚ್ಚಿ, ಅರೆಕ್ಷಣ ಹಾಗೇ ಇದ್ದು, ತೆರೆದ.

"ಚೆನ್ನಾಗಿದೆ," ಅಂದ.

"ಏನು ಚೆನ್ನಾಗಿದೆ?"

"ಬಣ್ಣ. ಮತ್ತೇನು ಅಂದ್ಕೊಂಡ್ರಿ?"

ಜಸ್ಟೀನಾ ಹಾಳೆಯನ್ನು ಅಲ್ಲೇ ಬಿಟ್ಟು ತಿರುಗಿದಳು. ಕಿವಿ ಬಿಸಿಯಾಗಿದ್ದು ಮಾತ್ರ ಅವಳಿಗೆ ಗೊತ್ತಾಯಿತು. ಮೂವತ್ತೈದು ದಾಟಿದ ಮೇಲೆ ಗಂಡಸೊಬ್ಬ ನಕ್ಕರೆ ಅವಳ ಮನಸ್ಸಿಗೆ ಮೊದಲು ಬರುತ್ತಿದ್ದದ್ದು ಒಂದೇ ಪ್ರಶ್ನೆ: ಇವನಿಗೆ ಏನು ಬೇಕಾಗಿದೆ?

ಅವನ ಹೆಸರು ಡಿರ್ಕ್ ಲೋವನ್. ವಿನಿಪೆಗ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಛಾಪಖಾನೆ ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದವನು. ನಲವತ್ತರ ಹತ್ತಿರ ವಯಸ್ಸು, ಉದ್ದನೆಯ ಕೈಗಳು, ಜೇಬಿನಲ್ಲಿ ಯಾವಾಗಲೂ ಹುರಿದ ಸೂರ್ಯಕಾಂತಿ ಬೀಜ. ಮಷೀನು ಓಡುತ್ತಿದ್ದಾಗ ಅವನು ಮಾತಾಡುತ್ತಿರಲಿಲ್ಲ. ನಿಂತಾಗ ಮಾತ್ರ ಕಿಚಾಯಿಸುತ್ತಿದ್ದ.

"ಕಣ್ಣು ಹೊಡೆದನಾ?" ಬೈಂಡಿಂಗ್ ವಿಭಾಗದ ಎಲ್ವೀರಾ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತ ಬಾಯಿ ತೆರೆದಳು. "ಬೆಕ್ಕು ಎರಡೂ ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಕಣೇ. ಇವನು ಒಂದೇ ಕಣ್ಣು ಮುಚ್ಚಿ ಕುಡಿಯೋ ಜಾತಿ. ಹುಷಾರು."

"ಕುಡಿಯೋಕೆ ಇಲ್ಲೇನು ಹಾಲಿದೆ?"

"ನಿನ್ನ ಕೆಲಸ ಇದ್ಯಲ್ಲ." ಎಲ್ವೀರಾ ದನಿ ತಗ್ಗಿಸಿದಳು. "ಹೊಸ ಮಾಲೀಕರು ಬರ್ತಿದ್ದಾರೆ. ಮಹಡಿ ಕೆಲಸಾನ ಮಷೀನಿನವರಿಗೇ ಕಲಿಸಿಬಿಟ್ರೆ ಒಬ್ಬಳು ಕಡಿಮೆ ಆಗ್ತಾಳೆ ಅಂತ ಮಾತಾಡ್ಕೊಳ್ತಿದ್ರು. ಇವನು ನಿನ್ನ ಹತ್ರ ಏನೇನು ಕೇಳ್ತಾನೆ, ಸ್ವಲ್ಪ ಜ್ಞಾಪಿಸ್ಕೋ."

ಜಸ್ಟೀನಾ ಜ್ಞಾಪಿಸಿಕೊಂಡಳು. ಬಾಯಿಗಿಟ್ಟ ತುತ್ತು ಸಪ್ಪೆಯಾಯಿತು.

ಅವನು ಕೇಳುತ್ತಿದ್ದುದೆಲ್ಲ ಅಂಕಿಗಳನ್ನೇ.

*

ಅಂಕಿಯೇ ಅವಳ ಕಸುಬು. ಅಚ್ಚಿಗೆ ಇರುವುದು ನಾಲ್ಕೇ ಮಸಿ: ನೀಲಿ, ಮೆಜೆಂಟಾ ಅನ್ನುವ ಗುಲಾಬಿಗೆಂಪು, ಹಳದಿ, ಕಪ್ಪು. ಒಂದೊಂದೂ ಶೇಕಡಾ ನೂರರವರೆಗೆ ಹೋಗಬಹುದು. ಹಾಗಂತ ಒಂದೇ ಜಾಗದಲ್ಲಿ ನಾಲ್ಕನ್ನೂ ನೂರು ನೂರು ಸುರಿದರೆ ಯಾವ ಕಾಗದವೂ ಅಷ್ಟನ್ನು ಕುಡಿಯಲಾರದು. ಹಾಳೆ ಒದ್ದೆಯಾಗೇ ಉಳಿದು, ಮೇಲೆ ಬಂದು ಕೂತ ಹಾಳೆಯ ಬೆನ್ನಿಗೆ ಮಸಿ ಮೆತ್ತುತ್ತದೆ. ಊರಿನ ನೂರು ವರ್ಷದ ಇತಿಹಾಸದ ಪುಸ್ತಕಕ್ಕೆ ಆರಿಸಿದ್ದ ಕಾಗದಕ್ಕೆ ಅವಳು ಹಾಕಿಕೊಂಡ ಮಿತಿ ನಾಲ್ಕೂ ಸೇರಿ ಇನ್ನೂರ ಎಂಬತ್ತು. ಚಿತ್ರದ ಅತಿ ಕಪ್ಪಾದ ಜಾಗಕ್ಕೆ ಹೋಗಿ, ಅಲ್ಲಿರುವ ಮೂರು ಬಣ್ಣವನ್ನು ಇಷ್ಟಿಷ್ಟೇ ತೆಗೆದು, ಆ ಭಾರವನ್ನು ಕಪ್ಪು ಒಂದರ ಹೆಗಲಿಗೇರಿಸುವಳು. ನೋಡುವವರಿಗೆ ಕತ್ತಲು ಅಷ್ಟೇ ದಟ್ಟ ಕಾಣಬೇಕು. ಕಾಗದಕ್ಕೆ ಮಾತ್ರ ಹಗುರಾಗಬೇಕು.

ಇದಕ್ಕೆ ಕಂಪ್ಯೂಟರ್ ಪರದೆಯನ್ನು ನಂಬುವ ಹಾಗಿರಲಿಲ್ಲ. ಪರದೆಯ ಮೇಲೆ ಮುನ್ನೂರ ಐವತ್ತೂ ಚೆಂದ, ಇನ್ನೂರ ಎಂಬತ್ತೂ ಚೆಂದ. ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಅಳೆದು ನೋಡುವುದು ಹನ್ನೆರಡು ವರ್ಷದಲ್ಲಿ ಅವಳ ಸ್ವಭಾವವೇ ಆಗಿಬಿಟ್ಟಿತ್ತು. ಪ್ರತಿ ಪ್ರೂಫಿನಲ್ಲಿ ಅತಿ ಗಾಢವಾದ ಜಾಗಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ನಾಲ್ಕು ಅಂಕಿ, ಕೆಳಗೆ ಮೊತ್ತ, ಕೊನೆಗೆ ತನ್ನ ಹೆಸರಿನ ಮೊದಲ ಅಕ್ಷರ ಬರೆದು ಕೆಳಗೆ ಕಳಿಸುವಳು.

ಡಿರ್ಕ್ ಆ ಪೆನ್ಸಿಲ್ ಗುರುತುಗಳನ್ನು ತನ್ನ ಪುಟ್ಟ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದ. ಅವಳು ಬಂದರೆ ಪುಸ್ತಕ ಜೇಬು ಸೇರುತ್ತಿತ್ತು.

"ಅದೇನು ಬರ್ಕೊಳ್ತೀರಿ?"

"ಪದ್ಯ."

"ಅಂಕಿಯಲ್ಲಿ?"

"ನಿಮ್ಮ ಅಕ್ಷರ ಚೆನ್ನಾಗಿದೆ ರೀ. ಏಳು ಅಂಕಿಗೆ ಹೊಟ್ಟೆ ಹತ್ರ ಒಂದು ಸಣ್ಣ ಗೆರೆ ಹಾಕ್ತೀರಲ್ಲ, ಯಾರು ಕಲಿಸಿದ್ದು?"

"ನಮ್ಮಪ್ಪ."

"ಹಾಗಾದ್ರೆ ಅವರಿಗೆ ನನ್ನ ನಮಸ್ಕಾರ ಹೇಳಿ," ಅಂದು ಮತ್ತೆ ಹಾಳೆಯತ್ತ ಬಾಗಿ ಬಲಗಣ್ಣು ಮುಚ್ಚಿದ.

ಹೋಗುವಾಗ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಸಿಟ್ಟಿಗೆ ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಮಹಡಿಯ ಮೆಟ್ಟಿಲಲ್ಲಿ ನಿಂತು ಹಿಂತಿರುಗಿ ನೋಡಿದಳು. ಅವನು ಅವಳ ಪ್ರೂಫನ್ನು ಮಡಿಸಿ, ಅತ್ತಿತ್ತ ಕಣ್ಣಾಡಿಸಿ, ಅಂಗಿಯೊಳಗೆ ಸೇರಿಸಿಕೊಳ್ಳುತ್ತಿದ್ದ.

ಮುಗಿದ ಕೆಲಸದ ಪ್ರೂಫು ರದ್ದಿಗೆ ಹೋಗುವುದು ನಿಜ. ಕದಿಯುವುದಕ್ಕೆ ಅದರಲ್ಲಿ ಏನಿದೆ? ಏನೂ ಇಲ್ಲದ್ದನ್ನು ಯಾರಾದರೂ ಅಂಗಿಯೊಳಗೆ ಬಚ್ಚಿಡುತ್ತಾರಾ?

*

ಆ ಶುಕ್ರವಾರ ಜಸ್ಟೀನಾಳ ಅಪ್ಪ ನೆಲಮಾಳಿಗೆಯ ಮೆಟ್ಟಿಲಿನಿಂದ ಜಾರಿ ಬಿದ್ದು ಕೈ ಮುರಿದುಕೊಂಡರು. ವಾರದ ಕೊನೆಯೆಲ್ಲ ಅವಳಿಗೆ ಆಸ್ಪತ್ರೆಯಲ್ಲೇ ಕಳೆಯಿತು. ಸೋಮವಾರ ಬೆಳಗ್ಗೆ ನಿದ್ದೆಗೆಟ್ಟ ಕಣ್ಣುಜ್ಜಿಕೊಳ್ಳುತ್ತ ಮಹಡಿ ಹತ್ತಿದರೆ ಅವಳ ಕುರ್ಚಿಯಲ್ಲಿ ಡಿರ್ಕ್ ಕೂತಿದ್ದ.

ಅವಳ ಪರದೆ ಉರಿಯುತ್ತಿತ್ತು. ಅದರ ಮೇಲೆ ಊರಿನ ಪುಸ್ತಕದ ಏಳನೇ ಫಾರಂ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಏಳನೇ ಕಂತು.

"ಇಲ್ಲೇನು ಮಾಡ್ತಿದ್ದೀರಿ?"

ಅವನು ಬೆಚ್ಚಿ ಎದ್ದ. ಬೀಜದ ಪೊಟ್ಟಣ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾಯಿತು.

"ಏಳನೇ ಫಾರಂದು ಪ್ರೂಫು ಕೆಳಗೆ ಬಂದಿರ್ಲಿಲ್ಲ. ಅಂಕಿ ನೋಡೋಣ ಅಂತ..."

"ಪ್ರೂಫು ಗುರುವಾರಾನೇ ಈ ಕಪಾಟಲ್ಲಿ ಇಟ್ಟಿದ್ದೀನಿ. ಕೇಳಿದ್ರೆ ಕೊಡ್ತಿದ್ದೆ."

"ನೀವು ಇರ್ಲಿಲ್ವಲ್ಲ." ಅವನು ಮಂಡಿಯೂರಿ ಬೀಜ ಆರಿಸುತ್ತಿದ್ದ. ಮುಖವೆತ್ತಲಿಲ್ಲ. "ನಿಮ್ಮ ತಂದೆ ಹೇಗಿದ್ದಾರೆ?"

ಜಸ್ಟೀನಾ ಕಲ್ಲಾದಳು. ಅಪ್ಪ ಬಿದ್ದದ್ದನ್ನು ಅವಳು ಇಲ್ಲಿ ಯಾರಿಗೂ ಹೇಳಿರಲಿಲ್ಲ.

"ನಿಮಗೆ ಯಾರು ಹೇಳಿದ್ದು?"

"ಸಣ್ಣ ಊರಲ್ವಾ," ಅಂದು ಅವನು ಪ್ರೂಫ್ ತೆಗೆದುಕೊಂಡು ಇಳಿದುಹೋದ.

ಅವನು ಕೂತು ಹೋದ ಕುರ್ಚಿ ಇನ್ನೂ ಬೆಚ್ಚಗಿತ್ತು. ಅವಳು ತುಂಬ ಹೊತ್ತು ಅದರಲ್ಲಿ ಕೂರದೆ ನಿಂತೇ ಇದ್ದಳು.

*

ಮಂಗಳವಾರ ಏಳನೇ ಫಾರಂ ಅಚ್ಚಾಯಿತು. ಬುಧವಾರ ಬೆಳಗ್ಗೆ ಎಲ್ವೀರಾ ಹಾಳೆಗಳ ರಾಶಿಗೆ ಕೈ ಹಾಕಿದವಳು ಕಿರುಚಿದಳು.

ಹಾಳೆಯ ಒಂದು ಬದಿಗೆ, ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಊರಿನ ಧಾನ್ಯ ತುಂಬಿಡುವ ಗೋಪುರ ಹೊತ್ತಿ ಉರಿದ ಚಿತ್ರ. ಪುಟದ ಮುಕ್ಕಾಲು ಪಾಲು ಕಪ್ಪು ಆಕಾಶ. ಇನ್ನೊಂದು ಬದಿಗೆ ಊರು ಕಟ್ಟಿದ ಹದಿನಾಲ್ಕು ಅಜ್ಜಿಯರ ಮುಖಗಳು. ರಾಶಿಯಲ್ಲಿ ಆ ಆಕಾಶ ಒಣಗಿರಲಿಲ್ಲ. ಒಂದೊಂದು ಹಾಳೆ ಎತ್ತಿದಾಗಲೂ ಪಟ್ ಅಂತ ಸದ್ದು. ಅಜ್ಜಿಯರ ಕೆನ್ನೆಗೆ, ಹಣೆಗೆ, ಬಿಳಿ ಟೋಪಿಗೆ ಎಲ್ಲ ಮಸಿ ಬಳಿದಂತಾಗಿತ್ತು. ನಾಲ್ಕು ಸಾವಿರ ಹಾಳೆ ಹಾಳು.

ಮ್ಯಾನೇಜರ್ ಕ್ಲಾಸೆನ್ ಫೈಲು ತೆರೆಸಿ ಅಳೆಸಿದರು. ಆಕಾಶದಲ್ಲಿ ಮಸಿಯ ಮೊತ್ತ ಮುನ್ನೂರ ನಲವತ್ತೆರಡು.

"ಸಾಧ್ಯವೇ ಇಲ್ಲ. ಗುರುವಾರ ನಾನೇ ಅಳೆದದ್ದು, ಇನ್ನೂರ ಎಪ್ಪತ್ತೆಂಟು," ಅಂದಳು ಜಸ್ಟೀನಾ. ಪ್ರೂಫು ತೋರಿಸಿದಳು. ಅವಳದೇ ಅಕ್ಷರ, ಅವಳದೇ ಗೆರೆಯ ಏಳು.

"ಫೈಲು ಆಮೇಲೆ ಬದಲಾಗಿದೆ. ಶುಕ್ರವಾರ ನಾಲ್ಕು ಐವತ್ತೆರಡಕ್ಕೆ. ನಿನ್ನ ಹೆಸರಲ್ಲೇ."

"ಅಷ್ಟೊತ್ತಿಗೆ ನಾನು ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದೆ ಸರ್. ನನ್ನ ಪಾಸ್‌ವರ್ಡು ಕೀಬೋರ್ಡಿನ ಕೆಳಗೆ ಅಂಟಿಸಿದೆ. ಇಡೀ ಕಟ್ಟಡಕ್ಕೆ ಗೊತ್ತು." ಮುಂದಿನ ಮಾತು ನಾಲಿಗೆಯ ತುದಿಯಲ್ಲಿ ಬಹಳ ದಿನದಿಂದ ಕಾದು ಕೂತಿದ್ದ ಹಾಗೆ ತಾನಾಗೇ ಹೊರಬಿತ್ತು. "ಸೋಮವಾರ ಬೆಳಗ್ಗೆ ಡಿರ್ಕ್ ನನ್ನ ಕುರ್ಚಿಯಲ್ಲಿ ಕೂತಿದ್ರು. ಇದೇ ಫಾರಂ ತೆರೆದಿಟ್ಕೊಂಡು."

ಕ್ಲಾಸೆನ್ ಅವನನ್ನು ಕರೆಸಿದರು. ಡಿರ್ಕ್ ಬಾಗಿಲ ಹತ್ತಿರವೇ ನಿಂತ.

"ಶುಕ್ರವಾರ ನೀವು ರಜ ಹಾಕಿದ್ರಿ. ಎಲ್ಲಿದ್ರಿ?"

"ವಿನಿಪೆಗ್ಗಲ್ಲಿ."

"ಏನು ಕೆಲಸ?"

"ಸ್ವಂತದ್ದು."

"ನಾಲ್ಕು ಐವತ್ತೆರಡಕ್ಕೆ?"

"ಅಷ್ಟೊತ್ತಿಗೆ ವಾಪಸ್ ಬಂದಿದ್ದೆ. ಇಲ್ಲೇ, ಹೊರಗೆ ಗಾಡಿ ನಿಲ್ಲಿಸೋ ಜಾಗದಲ್ಲಿದ್ದೆ. ಒಳಗೆ ಬರ್ಲಿಲ್ಲ."

"ರಜ ಹಾಕಿದವರು ಇಲ್ಲಿಗ್ಯಾಕೆ ಬಂದ್ರಿ? ಬಂದವರು ಒಳಗ್ಯಾಕೆ ಬರ್ಲಿಲ್ಲ?"

ಡಿರ್ಕ್ ಜಸ್ಟೀನಾಳನ್ನು ನೋಡಿದ. ಈ ಸಲ ಎರಡೂ ಕಣ್ಣು ತೆರೆದೇ ಇದ್ದವು.

"ಮಷೀನಿನ ಮೇಲೆ ಹಾಳೆ ಒದ್ದೆಯಾಗಿರೋದು ನಿಮಗೆ ಕಾಣ್ಲಿಲ್ವಾ? ಇಪ್ಪತ್ತು ವರ್ಷದ ಅನುಭವ ಅಂತೀರಿ."

"ಕಂಡಿತ್ತು," ಅಂದ. "ನಿಲ್ಲಿಸ್ಬೇಕಿತ್ತು. ನಿಲ್ಲಿಸ್ಲಿಲ್ಲ. ಅದು ನನ್ನ ತಪ್ಪು."

ಅಷ್ಟೇ. ಇನ್ನೆಷ್ಟು ಕೆದಕಿದರೂ ಅವನು ಬಾಯಿ ಬಿಡಲಿಲ್ಲ. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿ ಕಳಿಸಿದರು.

"ನೋಡಿದ್ಯಾ?" ಅಂದಳು ಎಲ್ವೀರಾ. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಾನು ಹೇಳ್ಲಿಲ್ವಾ?"

ಗೆದ್ದ ಸಮಾಧಾನ ಬರಬೇಕಿತ್ತು. ಬದಲಿಗೆ, ಅವನು ಕೋಟು ಹಾಕಿಕೊಳ್ಳುವಾಗ ತೋಳು ಸಿಗದೆ ತಡವರಿಸಿದ್ದು ಜಸ್ಟೀನಾಳ ಕಣ್ಣಿಗೆ ಕಟ್ಟಿದ ಹಾಗೆ ಉಳಿಯಿತು. ಕಳ್ಳನಾಗಿದ್ದರೆ ಕಾರಣ ಹೇಳುತ್ತಿದ್ದ. ಕಳ್ಳರ ಹತ್ತಿರ ಕಾರಣಕ್ಕೆ ಬರವಿರುವುದಿಲ್ಲ.

*

ಶುಕ್ರವಾರ ಮಧ್ಯಾಹ್ನ ಇತಿಹಾಸ ಸಮಿತಿಯ ಸಾರಾ ಎನ್ಸ್ ಕೋಲೂರಿಕೊಂಡು ಬಂದರು. ಎಂಬತ್ತೊಂದರ ಈ ಮುದುಕಿ ಊರಿಗೆಲ್ಲ ಚಿಕ್ಕಮ್ಮ. ಎಲ್ಲರೂ ಕರೆಯುವುದು 'ತಾಂತೆ ಸಾರಾ' ಅಂತಲೇ. ಹಾಳಾದ ಹಾಳೆಯೊಂದನ್ನು ಎತ್ತಿ ಕಿಟಕಿಗೆ ಹಿಡಿದರು.

"ಅಯ್ಯೋ, ನಮ್ಮಜ್ಜಿಗೆ ಮೀಸೆ ಬಂದಿದೆ!" ಅಂತ ನಕ್ಕರು. ಮಗುಚಿ ನೋಡಿ ಮುಖ ಅರಳಿಸಿದರು. "ಆದ್ರೆ ಬೆಂಕಿ ಚಿತ್ರ ಮಾತ್ರ ಎಷ್ಟು ಸೊಗಸಾಗಿ ಬಂದಿದೆ ಮಗಳೇ. ಆ ಹಳೇದು ಮಂಕಾಗಿತ್ತು. ನಾನು ತಂದುಕೊಟ್ಟೆ ಅಂತ ಸರಿಹೋಯ್ತು."

ಜಸ್ಟೀನಾಳ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು. "ನೀವು ತಂದುಕೊಟ್ಟಿದ್ದಾ, ತಾಂತೆ?"

"ಮತ್ತೆ? ಹೋದ ಶುಕ್ರವಾರ! ನನ್ನ ಮೊಮ್ಮಗಳು ಹೊಸದಾಗಿ ಸ್ಕ್ಯಾನ್ ಮಾಡಿದ್ದನ್ನ ಪೆನ್‌ಡ್ರೈವ್ ಕಡ್ಡಿಯಲ್ಲಿ ಹಾಕ್ಕೊಂಡು ಬಂದಿರ್ಲಿಲ್ವಾ? ನೀನೇ ಇದೇ ಕುರ್ಚಿಯಲ್ಲಿ ಕೂತು ಹಳೇದನ್ನ ತೆಗೆದು ಇದನ್ನ ಹಾಕ್ದೆ. 'ಇರಿ ತಾಂತೆ, ಇನ್ನೊಂದು ಸಲ ಅಳೀಬೇಕು' ಅಂದೆ. ಅಷ್ಟರಲ್ಲಿ ನಿನ್ನ ಫೋನ್ ಬಂತು. ನಿಮ್ಮಪ್ಪನ ಸುದ್ದಿ. ಪಾಪ, ಕೋಟಿನ ಗುಂಡಿ ಕೂಡ ಹಾಕ್ಕೊಳ್ಳದೆ ಅಳ್ತಾ ಓಡಿದೆ."

ಜಸ್ಟೀನಾಗೆ ಎಲ್ಲ ನೆನಪಾಯಿತು. ನೆನಪಾಯಿತು ಅನ್ನುವುದಕ್ಕಿಂತ ಮೈಮೇಲೆ ಬಿತ್ತು. ಕಡ್ಡಿ. ಮುದುಕಿಯ ಕೈಯ ಪುದೀನಾ ಮಿಠಾಯಿ. ಉಳಿಸು ಅಂತ ಒತ್ತಿದ ಬೆರಳು. ಆಮೇಲೆ ಫೋನಿನಲ್ಲಿ ನರ್ಸಿನ ದನಿ. ಅಪ್ಪನ ಸುದ್ದಿಯ ಗಾಬರಿ ಆ ಮಧ್ಯಾಹ್ನವನ್ನೆಲ್ಲ ಒರೆಸಿಹಾಕಿಬಿಟ್ಟಿತ್ತು. ಹನ್ನೆರಡು ವರ್ಷ ಪರದೆಯನ್ನು, ಕಾಗದವನ್ನು, ಗಿರಾಕಿಗಳನ್ನು, ಮಷೀನಿನವರನ್ನು ಸಂಶಯಿಸಿದವಳು ಒಮ್ಮೆಯೂ ತನ್ನನ್ನು ತಾನು ಸಂಶಯಿಸಿರಲಿಲ್ಲ.

ಗಾಡಿ ನಿಲ್ಲಿಸುವ ಜಾಗದಲ್ಲಿದ್ದವನು ಅವಳು ಅಳುತ್ತ ಓಡಿದ್ದನ್ನು ನೋಡಿದ್ದ. 'ಐದಕ್ಕೆ ಅವರೇ ಕಟ್ಟಡದಿಂದ ಓಡಿ ಹೋದರು' ಅಂತ ಕ್ಲಾಸೆನ್ ಮುಂದೆ ಒಂದು ಮಾತು ಅಂದಿದ್ದರೆ ಸಾಕಿತ್ತು. ಅವನು ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ? ಸಂಶಯ ಈಗಲೂ ಪೂರ್ತಿ ಹೋಗಿರಲಿಲ್ಲ. ಅದು ದಿಕ್ಕು ಬದಲಿಸಿತ್ತು, ಅಷ್ಟೇ.

*

ಶನಿವಾರ ಬೆಳಗ್ಗೆ ಅವಳು ಒಂದರ ಮೇಲೊಂದು ಕೂತ ಜೋಡಿ ಬನ್ನು ಸುಟ್ಟು, ಬಟ್ಟೆಯಲ್ಲಿ ಕಟ್ಟಿಕೊಂಡು, ರೈಲು ಹಳಿಯ ಪಕ್ಕದ ಅವನ ಬಾಡಿಗೆ ಮನೆಗೆ ಹೋದಳು. ಬಾಗಿಲು ತಟ್ಟಿದಾಗ ಎದುರು ಮನೆಯ ಪರದೆ ಅಲುಗಿತು. ಸಂಜೆಯ ಹೊತ್ತಿಗೆ ಇಡೀ ಊರಿಗೆ ಸುದ್ದಿ. ಆಗಲಿ ಅಂದುಕೊಂಡಳು.

ಡಿರ್ಕ್ ಬಾಗಿಲು ತೆರೆದ.

"ಆ ಚಿತ್ರ ಬದಲಾಯಿಸಿದ್ದು ನಾನೇ," ಅವಳು ಹೊಸ್ತಿಲಲ್ಲೇ ಹೇಳಿದಳು. ಒಳಗೆ ಹೋಗಿ ಹೇಳುವಷ್ಟು ಧೈರ್ಯ ಉಳಿಯುತ್ತದೋ ಇಲ್ಲವೋ ಅನ್ನಿಸಿತ್ತು. "ನನಗೆ ಮರೆತೇಹೋಗಿತ್ತು. ನಿಮ್ಮ ಮೇಲೆ ಹಾಕ್ದೆ. ಸೋಮವಾರ ಕ್ಲಾಸೆನ್‌ಗೆ ಹೇಳ್ತೀನಿ. ಅದಕ್ಕೆ ಮೊದ್ಲು ನಿಮಗೆ ಹೇಳ್ಬೇಕಿತ್ತು."

"ಒಳಗೆ ಬನ್ನಿ. ಬನ್ನು ಆರಿಹೋಗುತ್ತೆ."

ಅಡುಗೆಮನೆಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಉತ್ತರದ ಕಿಟಕಿಯ ಸುತ್ತ, ಮೇಲಿಂದ ಕೆಳಗಿನವರೆಗೆ, ಅವಳ ಪ್ರೂಫುಗಳು. ಇಪ್ಪತ್ತು, ಮೂವತ್ತು ಇರಬಹುದು. ಗೋಧಿ ಗದ್ದೆ, ಕೆಂಪು ಟ್ರ್ಯಾಕ್ಟರು, ಕಲ್ಲಂಗಡಿ ಹೋಳು, ಮದುಮಗಳೊಬ್ಬಳ ಗುಲಾಬಿ. ಎಲ್ಲದರ ಮೇಲೂ ಅವಳ ಪೆನ್ಸಿಲ್ ಸುತ್ತು, ಅವಳ ಅಂಕಿ.

ಮತ್ತೆ ಅದೇ ಹುಳ ಒಳಗೆ ಹರಿದಾಡಿತು. "ಇದೇನು ಇದೆಲ್ಲ?" ಅಂದಳು ಗಡುಸಾಗಿ. "ನಿಜ ಹೇಳಿ. ನನ್ನ ಕೆಲಸ ಕಲೀತಿದ್ದೀರಾ?"

"ಇಲ್ಲ." ಅವನು ಕಾಫಿ ಬಗ್ಗಿಸಿ ಅವಳ ಮುಂದಿಟ್ಟ. "ನನ್ನ ಕಣ್ಣು ಪರೀಕ್ಷೆ ಮಾಡ್ಕೊಳ್ತಿದ್ದೀನಿ."

ಅವನು ಹೇಳಿದ. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಬಲಗಣ್ಣು ಹೊರಳಿಸಿದರೆ ನೋವು. ಎರಡು ದಿನಕ್ಕೆ ಮಂಜು ಕವಿಯಿತು. ಕಣ್ಣಿನ ಹಿಂದಿನ ನರ ಊದಿದೆ ಅಂದರು. ಕೆಲವು ವಾರದಲ್ಲಿ ದೃಷ್ಟಿ ಬಂತು, ಆದರೆ ಆ ಕಣ್ಣಿಗೆ ಕೆಂಪು ವಾಪಸ್ ಬರಲಿಲ್ಲ.

"ನೂರು ಸಲ ಒಗೆದ ಬಟ್ಟೆ ಥರ ಕಾಣುತ್ತೆ. ಅದಕ್ಕೇ ಬಣ್ಣ ನೋಡುವಾಗ ಬಲಗಣ್ಣು ಮುಚ್ಕೊಳ್ತೀನಿ. ಎಡಗಣ್ಣಿಗೆ ಕೆಂಪು ಇನ್ನೂ ಕೆಂಪಾಗೇ ಕಾಣುತ್ತೆ."

ಜಸ್ಟೀನಾ ಕಾಫಿ ಕಪ್ಪನ್ನು ತುಟಿಯವರೆಗೆ ತಂದವಳು ಕೆಳಗಿಟ್ಟಳು. "ಅಂದ್ರೆ ನೀವು ನನಗೆ ಕಣ್ಣು ಹೊಡೀತಿರ್ಲಿಲ್ಲ."

ಡಿರ್ಕ್ ಬಿಟ್ಟ ಬಾಯಿ ಮುಚ್ಚಲಿಲ್ಲ. "ಕಣ್ಣು ಹೊಡೆಯೋದಾ? ನಾನಾ?"

"ಬೈಂಡಿಂಗ್ ವಿಭಾಗಕ್ಕೆಲ್ಲ ಗೊತ್ತು."

ಅವನು ನಕ್ಕ. ಎರಡು ವಾರದಲ್ಲಿ ಮೊದಲ ಸಲ ಆ ನಗು ಅವಳಿಗೆ ಲೆಕ್ಕಾಚಾರದ ನಗುವಿನಂತೆ ಕಾಣಲಿಲ್ಲ. ನಕ್ಕು ಮುಗಿದ ಮೇಲೆ ಅವನ ಮುಖ ಮೆಲ್ಲಗೆ ಗಂಭೀರವಾಯಿತು.

"ಭಯ ಇರೋದು ಎಡಗಣ್ಣಿಂದು. ಅದಕ್ಕೂ ಬರಬಹುದು, ಬರದೇನೂ ಇರಬಹುದು ಅಂತಾರೆ. ಇದ್ದಕ್ಕಿದ್ದ ಹಾಗೆ ಬಂದ್ರೆ ಗೊತ್ತಾಗುತ್ತೆ. ದಿನಕ್ಕೊಂದು ಚೂರು ಕಳ್ಕೊಂಡ್ರೆ? ಅದಕ್ಕೇ ದಿನಾ ಬೆಳಗ್ಗೆ ಇಲ್ಲಿ ನಿಂತು ನೋಡ್ತೀನಿ. ಇಲ್ಲಿ ಮೆಜೆಂಟಾ ತೊಂಬತ್ತೈದು ಅಂತ ನೀವು ಬರೆದಿದ್ದೀರಿ. ನನಗೆ ಅಷ್ಟೇ ಕಾಣುತ್ತಾ? ನನ್ನ ಕಣ್ಣು ಸುಳ್ಳು ಹೇಳಬಹುದು. ನಿಮ್ಮ ಅಂಕಿ ಹೇಳಲ್ಲ."

"ಶುಕ್ರವಾರ..."

"ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಎಡಗಣ್ಣು ಒಂದು ಚೂರು ಕಡಿಮೆಯಾದ ಹಾಗಿದೆ, ಮುಂದಿನ ತಿಂಗಳು ಮತ್ತೆ ನೋಡೋಣ ಅಂದ್ರು. ಊರಿಗೆ ಬಂದವನು ಮನೆಗೆ ಹೋಗೋಕಾಗ್ದೆ ಛಾಪಖಾನೆ ಹತ್ರ ಬಂದೆ. ಯಾರಿಗಾದ್ರೂ ಹೇಳ್ಬೇಕಿತ್ತು." ಅವನು ಬನ್ನಿನ ಮೇಲಿನ ಪುಟ್ಟ ತಲೆಯನ್ನು ಮುರಿದು ಕೈಯಲ್ಲೇ ಹಿಡಿದುಕೊಂಡ. "ಯಾರಿಗಾದ್ರೂ ಅಲ್ಲ. ನಿಮಗೆ. ಅಷ್ಟರಲ್ಲಿ ನೀವು ಅಳ್ತಾ ಓಡಿಬಂದ್ರಿ. 'ಅಪ್ಪ ಬಿದ್ರು' ಅಂತ ಫೋನಲ್ಲಿ ಯಾರಿಗೋ ಹೇಳ್ತಿದ್ರಿ. ಅದನ್ನ ಕ್ಲಾಸೆನ್ ಮುಂದೆ ನಿಮ್ಮ ಮೇಲೆ ಎತ್ತಿಹಾಕೋಕೆ ಮನಸ್ಸಾಗ್ಲಿಲ್ಲ."

ಹೊರಗೆ ಸರಕು ರೈಲೊಂದು ಹಾದುಹೋಯಿತು. ಕಾಫಿ ಕಪ್ಪುಗಳು ತಟ್ಟೆಯ ಮೇಲೆ ಗಿಲಿಗಿಲಿ ಅಂದವು.

"ಮಂಗಳವಾರ ಹಾಳೆ ಒದ್ದೆಯಾಗಿದ್ದು ಕಂಡಿತ್ತು ಅಂದ್ರಲ್ಲ," ಅವಳು ಕೇಳಿದಳು. "ಯಾಕೆ ನಿಲ್ಲಿಸ್ಲಿಲ್ಲ?"

"ಪ್ರೂಫಲ್ಲಿ ಇನ್ನೂರ ಎಪ್ಪತ್ತೆಂಟು ಅಂತ ಇತ್ತು. ನಿಮ್ಮ ಅಕ್ಷರದಲ್ಲಿ. ಹಾಳೆ ಮೇಲೆ ಮಾತ್ರ ಆಕಾಶ ಹೊಳೀತಿತ್ತು. ನನ್ನ ಕಣ್ಣೇ ಕೆಟ್ಟಿದೆ ಅಂದ್ಕೊಂಡೆ."

ಜಸ್ಟೀನಾ ತಲೆ ತಗ್ಗಿಸಿದಳು. ಇವನು ತನ್ನ ಕಣ್ಣನ್ನೇ ಅಲ್ಲಗಳೆದು ಅವಳನ್ನು ನಂಬಿದ್ದ. ಅವಳು ಕಂಡದ್ದನ್ನೆಲ್ಲ ಅವನ ವಿರುದ್ಧ ಜೋಡಿಸಿಟ್ಟಿದ್ದಳು. ಕಣ್ಣು ತುಂಬಿ, ಮೇಜಿನ ಹಾಸಿನ ಹೂಗಳೆಲ್ಲ ಕಲಸಿಹೋದವು.

"ಅಳಬೇಡಿ ರೀ. ನಾನು ಬಾಯಿಬಿಟ್ಟು ಹೇಳಿದ್ರೆ ಇಷ್ಟಾಗ್ತಿರ್ಲಿಲ್ಲ. ಹೇಳಿದ್ರೆ ಮಷೀನಿಂದ ಇಳಿಸ್ತಾರೆ ಅಂತ ಹೆದರಿದ್ದೆ. ಇಬ್ಬರದೂ ಅರ್ಧರ್ಧ ತಪ್ಪು ಅಂತ ಇಟ್ಕೊಳ್ಳೋಣ."

"ಅರ್ಧ ಅಲ್ಲ. ಸರಿಯಾಗಿ ಅಳೆದ್ರೆ ನಂದೇ ಜಾಸ್ತಿ."

"ಅಳೆಯೋದು ಬಿಡಲ್ಲ ಅಂತೀಯಾ?"

'ಅಂತೀಯಾ' ಅಂದದ್ದು ಅವನಿಗೇ ಆಮೇಲೆ ಗೊತ್ತಾಗಿ ನಾಲಿಗೆ ಕಚ್ಚಿಕೊಂಡ. ಅವಳು ತಿದ್ದಲಿಲ್ಲ. ಕುತ್ತಿಗೆಯಿಂದ ಮೇಲಕ್ಕೆ ಬಿಸಿಯೊಂದು ಏರುತ್ತಿರುವುದು ಅವಳಿಗೆ ತಿಳಿಯುತ್ತಿತ್ತು.

ಡಿರ್ಕ್ ಬಲಗಣ್ಣು ಮುಚ್ಚಿ ಅವಳ ಕೆನ್ನೆ ನೋಡಿದ. ತುಂಬ ಹೊತ್ತು ನೋಡಿದ.

"ಮೆಜೆಂಟಾ ನಲವತ್ತು," ಅಂದ ಮೆಲ್ಲಗೆ. "ಏರ್ತಾ ಇದೆ."

"ಸುಮ್ಮನಿರು," ಅಂದಳು ಜಸ್ಟೀನಾ. ಏಕವಚನ ಅವಳ ಬಾಯಿಂದಲೂ ಸಲೀಸಾಗಿ ಬಂತು.

*

ಸೋಮವಾರ ಇಬ್ಬರೂ ಒಟ್ಟಿಗೇ ಕ್ಲಾಸೆನ್ ಕೋಣೆಗೆ ಹೋದರು. ಅವಳು ತನ್ನದನ್ನು ಹೇಳಿದಳು. ಆಮೇಲೆ, ಬೇಡ ಅಂತ ಅವಳು ಕಣ್ಣಲ್ಲೇ ಹೇಳುತ್ತಿದ್ದರೂ ಕೇಳದೆ, ಅವನು ತನ್ನದನ್ನು ಹೇಳಿದ.

ಕ್ಲಾಸೆನ್ ಕನ್ನಡಕ ತೆಗೆದು ಒರೆಸಿದರು. "ಒಬ್ಬಳಿಗೆ ಜ್ಞಾಪಕ ಇಲ್ಲ, ಇನ್ನೊಬ್ಬನಿಗೆ ಕಣ್ಣಿಲ್ಲ. ಹೊಸ ಮಾಲೀಕರಿಗೆ ನಾನೇನು ಹೇಳ್ಲಿ?"

"ಇದ್ದದ್ದು ಇದ್ದ ಹಾಗೇ ಹೇಳಿ ಸರ್," ಅಂದಳು ಜಸ್ಟೀನಾ.

ಅವಳ ಹೆಸರಿಗೆ ಎಚ್ಚರಿಕೆಯ ಪತ್ರ ಬಂತು. ಮಹಡಿಯ ಬಣ್ಣದ ವಿಭಾಗಕ್ಕೆ ಅವಳೇ ಮುಖ್ಯಸ್ಥೆ ಅನ್ನುವ ಪಟ್ಟ ಹೋಯಿತು. ಡಿರ್ಕ್ ಒಬ್ಬನೇ ಬಣ್ಣಕ್ಕೆ ಸಹಿ ಹಾಕುವ ಹಾಗಿಲ್ಲ ಅಂತಾಯಿತು. ಪ್ರತಿ ಫಾರಂಗೂ ಅವಳು ಮಹಡಿಯಿಂದ ಇಳಿದು ಬಂದು, ಮಷೀನಿನ ಮೇಲೆ ಮತ್ತೆ ಅಳೆದು, ಅವನ ಜೊತೆ ಸಹಿ ಹಾಕಬೇಕು. ಶಿಕ್ಷೆ ಅಂತ ಕೊಟ್ಟದ್ದು. ಎಲ್ವೀರಾ ಅದನ್ನು ಶಿಕ್ಷೆ ಅಂತ ಒಪ್ಪಲು ತಯಾರಿರಲಿಲ್ಲ.

"ಶಿಕ್ಷೆಯಂತೆ! ದಿನಕ್ಕೆ ಆರು ಸಲ ಇಳಿದು ಬರ್ತಾಳೆ. ಫಾರಂ ಇರೋದು ಮೂರು!"

ಏಳನೇ ಫಾರಂ ಮತ್ತೆ ಅಚ್ಚಾದ ದಿನ ಇಬ್ಬರೂ ರಾಶಿಯ ಪಕ್ಕದಲ್ಲಿ ನಿಂತು ಮೇಲಿನ ಹಾಳೆ ಎತ್ತಿದರು. ಸದ್ದಿಲ್ಲದೆ ಎದ್ದು ಬಂತು. ಅಜ್ಜಿಯರ ಟೋಪಿಗಳು ಬೆಳ್ಳಗಿದ್ದವು. ಜಸ್ಟೀನಾ ಅಂಕಿ ಓದಿದಳು, ಡಿರ್ಕ್ ಬರೆದುಕೊಂಡ. ಹಾಳೆಯ ಕೆಳಗೆ ಅವರ ಬೆರಳುಗಳು ತಾಗಿದವು. ಇಬ್ಬರೂ ತೆಗೆಯಲಿಲ್ಲ.

ಆದರೂ ಅವನು ಒಂದು ಮಾತನ್ನು ಸುತ್ತಿ ಬಳಸಿ ಹೇಳದೇ ಬಿಡುತ್ತಿದ್ದುದು ಅವಳಿಗೆ ಗೊತ್ತಿತ್ತು. ಭಾನುವಾರ ಅವಳ ಮನೆಗೆ ಕಾಫಿಗೆ ಬರುವ. ಕೈಗೆ ಪಟ್ಟಿ ಕಟ್ಟಿಕೊಂಡ ಅಪ್ಪನ ಜೊತೆ ಇಸ್ಪೀಟು ಆಡಿ ಸೋಲುವ. ಅವಳು ಗೇಟಿನವರೆಗೆ ಬಂದರೆ ಏನೋ ಹೇಳಲು ಹೊರಟು, ಹವಾಮಾನದ ಸುದ್ದಿಗೆ ಇಳಿಯುವ. ಒಂದು ದಿನ ಅವಳೇ ಕೇಳಿದಳು.

"ಏನು ಬಚ್ಚಿಡ್ತಿದ್ದೀಯ ಮತ್ತೆ?"

"ನಾಳೆ ನನಗೆ ಎರಡೂ ಕಣ್ಣು ಮಂಕಾದ್ರೆ? ಮಷೀನು ಹೋಗುತ್ತೆ. ಇನ್ನೊಬ್ಬರ ಕೈ ಹಿಡ್ಕೊಂಡು ನಡೀಬೇಕಾಗಬಹುದು. ಆ ಕೈ ನಿಂದಾಗ್ಲಿ ಅಂತ ಕೇಳೋಕೆ ನನಗೆ ನಾಚಿಕೆ ಆಗುತ್ತೆ."

ಸುಮ್ಮನೆ ಸಮಾಧಾನ ಹೇಳುವವಳಲ್ಲ ಅವಳು. ಆ ರಾತ್ರಿ, ಮರುದಿನ, ಅದರ ಮರುದಿನ, ಆ ಮಾತನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದಳು. ಭಯ ಎಷ್ಟಿದೆ, ಆಸೆ ಎಷ್ಟಿದೆ, ಕರುಣೆ ಅನ್ನುವುದು ಏನಾದರೂ ಒಳಗೆ ಕಲಬೆರಕೆಯಾಗಿದೆಯೋ ಅಂತ ಪ್ರಾಮಾಣಿಕವಾಗಿ ಹುಡುಕಿದಳು.

ಮೇ ಕೊನೆಯ ಶುಕ್ರವಾರ ಅವನು ಮತ್ತೆ ವಿನಿಪೆಗ್ಗಿಗೆ ಹೋಗಬೇಕಿತ್ತು. ಅವಳು ರಜ ಹಾಕಿ, ತನ್ನ ಗಾಡಿ ತಂದು ಅವನ ಬಾಗಿಲಲ್ಲಿ ಹಾರ್ನ್ ಹೊಡೆದಳು. ಎದುರು ಮನೆಯವರು ಈಗ ಪರದೆ ಸರಿಸಿಕೊಂಡೇ ನೋಡುತ್ತಿದ್ದರು.

ಆಸ್ಪತ್ರೆಯ ಕಿಟಕಿಯಲ್ಲಿ ಕೂತ ಹುಡುಗಿ ಒಂದು ಕಾಗದ ಕೊಟ್ಟಳು. ಡಿರ್ಕ್ ಮಂಡಿಯ ಮೇಲಿಟ್ಟುಕೊಂಡು ತುಂಬಿಸಿದ. ಹೆಸರು, ವಯಸ್ಸು, ಊರು. 'ಜೊತೆಗೆ ಬಂದವರು' ಅನ್ನುವ ಕಡೆ 'ಜಸ್ಟೀನಾ ತೀಸನ್' ಅಂತ ಬರೆದ. 'ಸಂಬಂಧ' ಅನ್ನುವ ಕಡೆ ಪೆನ್ನು ನಿಂತಿತು. ಸ್ವಲ್ಪ ಹೊತ್ತು ಯೋಚಿಸಿ, 'ಸಹೋದ್ಯೋಗಿ' ಅಂತ ಬರೆದು ಕಾಗದ ಮಡಿಸಲು ಹೋದ.

"ಕೊಡು ಇಲ್ಲಿ," ಅಂದು ಜಸ್ಟೀನಾ ಕಾಗದ ಕಿತ್ತುಕೊಂಡಳು. ಮೇಲಿಂದ ಕೆಳಗೆ ಒಂದೊಂದೇ ಸಾಲು ಓದಿದಳು. ಚೀಲದಿಂದ ಪೆನ್ಸಿಲ್ ತೆಗೆದಳು. ಆ ಒಂದು ಪದದ ಮೇಲೆ ನೇರವಾಗಿ ಗೆರೆ ಎಳೆದು, ಮೇಲೆ ಇನ್ನೊಂದು ಬರೆದು, ಪಕ್ಕದಲ್ಲಿ ತನ್ನ ಹೆಸರಿನ 'ಜ' ಹಾಕಿ ಅವನ ಮಂಡಿಯ ಮೇಲಿಟ್ಟಳು.

'ಮದುವೆ ನಿಶ್ಚಯವಾದ ಹೆಣ್ಣು.'

ಡಿರ್ಕ್ ಮೊದಲು ಬಲಗಣ್ಣು ಮುಚ್ಚಿ ಓದಿದ. ಆಮೇಲೆ ಎಡಗಣ್ಣು ಮುಚ್ಚಿ ಓದಿದ. ಎರಡಕ್ಕೂ ಒಂದೇ ಕಂಡಿತು.

"ಯಾವಾಗ ನಿಶ್ಚಯ ಆಯ್ತು?" ಅಂದ.

"ಬುಧವಾರ. ಎರಡೆರಡು ಸಲ ಅಳೆದು ನೋಡಿದ್ದೀನಿ."

ಒಳಗಿನಿಂದ ನರ್ಸು ಅವನ ಹೆಸರು ಕೂಗಿದಳು. ಅವನು ಎದ್ದ. ಅವಳೂ ಎದ್ದಳು.

"ಒಬ್ಬರೇ ಬರ್ಬೇಕಾ?" ಅಂತ ಜಸ್ಟೀನಾ ಕೇಳಿದಳು.

"ಮನೆಯವರಾದ್ರೆ ಜೊತೆಗೆ ಬರಬಹುದು," ಅಂದಳು ನರ್ಸು, ಅವನ ಕೈಯ ಕಾಗದ ನೋಡುತ್ತ. ಗೆರೆ ಹೊಡೆದ ಪದ ಕಂಡು ಹುಬ್ಬೇರಿಸಿದಳು. ಡಿರ್ಕ್‌ನ ಮುಖ ನೋಡಿದಳು. ಆಮೇಲೆ ಏನೂ ಕೇಳದೆ, ಬಾಗಿಲನ್ನು ಇಬ್ಬರಿಗೆ ಹಿಡಿಸುವಷ್ಟು ತೆರೆದು ಹಿಡಿದಳು.